ರಕ್ತಕ್ಕೆ ಸೇರುವ ಕಬ್ಬಿಣ

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯವರಿಂದಲೂ ಒಂದು ಲೇಖನ ಬೇಕೆಂದು ಸಂಚಿಕೆಯ ಮಂಡಲಿಯವರು ಕೇಳಿದಾಗ, ನಾನು ವಿನಯವನ್ನಾಗಲಿ ಸಮಯಪಾಲನೆಯನ್ನಾಗಲಿ ಕುರಿತು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ಆ ಎರಡು ವಿಷಯಗಳಲ್ಲಿ ನಾನು ಹೇಳತಕ್ಕದ್ದೆಲ್ಲವೂ ನಮ್ಮ ಪೂರ್ವ ವಿದ್ಯಾರ್ಥಿನಿಯರಿಗೆ ಬಾಯಿಪಾಠವಾಗಿದೆ. ಆದುದರಿಂದ ಈ ಸಾರಿ ಕಬ್ಬಿಣದ ಗುಳಿಗೆಯ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದು ಮನಸ್ಸಾಗಿದೆ. ಇದರಲ್ಲಿ ನನ್ನದೇ ಒಂದು ತಪ್ಪಿನ ವೃತ್ತಾಂತವೂ ಸೇರಿರುವುದರಿಂದ, ಹಳೆಯ ವಿದ್ಯಾರ್ಥಿನಿಯರು ಬೇಸರವಿಲ್ಲದೆ ಓದುವರೆಂದು ನಂಬಿದ್ದೇನೆ.

ಕಳೆದ ನವೆಂಬರ್ ತಿಂಗಳಲ್ಲೊಂದು ದಿನ, ಬೆಳಗಿನ ಪ್ರಾರ್ಥನೆಗೆ ಸಾಲುಗೂಡಿದ್ದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನಿಂತಲ್ಲಿಯೇ ಕುಸಿದಳು. ಆಕೆ ಕುಣಿಗಲು ತಾಲ್ಲೂಕಿನ ಯಡಿಯೂರಿಗೆ ಸಮೀಪದ ಗ್ರಾಮದವಳು. ನಮ್ಮ ವಿದ್ಯಾರ್ಥಿನಿ ನಿಲಯದಲ್ಲಿದ್ದು ಓದತಕ್ಕವಳು. ರಕ್ತವನ್ನು ಪರೀಕ್ಷಿಸಲಾಗಿ, ಆ ವಯಸ್ಸಿನ ಹುಡುಗಿಗೆ ೧೨ ಗ್ರಾಮಿಗೆ ಕಡಮೆಯಿರಬಾರದ ಹಿಮೋಗ್ಲೋಬಿನ್ನು ೮.೯ ಇತ್ತು. ಆಗಸ್ಟ್ ತಿಂಗಳಲ್ಲಿ ನೋಡಿಸಿದಾಗ ೮.೭ ಇದ್ದಿತೆಂದು ಆಕೆಯ ಚೀಟಿಯಿಂದ ತಿಳಿಯಿತು. ನಡುವಣ ಮೂರು ತಿಂಗಳು ಆಕೆಗೆ ಕಬ್ಬಿಣವು ಎರಡು ದಾರಿಗಳಿಂದ ಸಲ್ಲುತ್ತಿತ್ತು. ಶಾಲೆಯಲ್ಲಿ ವಾರಕ್ಕೊಂದು ನೀಲಿ ಗುಳಿಗೆ. ಮನೆಯವರು ಕಳುಹಿಸಿದ ಸಿಹಿ ಔಷಧ ದಿನಕ್ಕೊಂದು ಚಮಚ. ಹೀಗಿದ್ದರೂ ಏರಿದ್ದು ಎರಡು ದಶಾಂಶ ಮಾತ್ರ!

ಮರುದಿನ ಆಕೆಯ ತಂದೆ ಬಂದರು. ಚೀಲದಿಂದ ಕಾಗದ ಸುತ್ತಿದ ಒಂದು ಸೀಸೆಯನ್ನು ತೆಗೆದು ನನ್ನ ಮೇಜಿನ ಮೇಲಿಟ್ಟು, "ಅಮ್ಮಾವ್ರೇ, ಅಗ್ಗದ್ದು ಬೇಡ ಅಂತ ಯಡಿಯೂರಿನಲ್ಲಿ ಕೇಳಿ ಒಳ್ಳೇದನ್ನೇ ತಂದಿದ್ದೆ. ಒಂದು ಸೀಸೆಗೆ ಎರಡು ದಿನದ ಕೂಲಿ ಹೋಗುತ್ತೆ. ಇನ್ನೇನು ಮಾಡಬೇಕಿತ್ತು ಹೇಳಿ" ಎಂದರು. "ನಿಮ್ಮದೇನೂ ತಪ್ಪಿಲ್ಲ ಯಜಮಾನರೇ" ಎಂದೆನಾದರೂ, ಹೀಗೇಕಾಯಿತೆಂಬುದು ನನಗೂ ಆಗ ತಿಳಿದಿರಲಿಲ್ಲ. ಅವರು ಹೋದ ಮೇಲೆ ಆರೋಗ್ಯ ಕೇಂದ್ರದ ದಾದಿಯವರು ಬಂದು, ಶಾಲೆಯ ಗುಳಿಗೆಯನ್ನು ಯಾವ ವೇಳೆಯಲ್ಲಿ ಕೊಡುತ್ತೀರೆಂದು ಕೇಳಿದರು. ಬರಿಹೊಟ್ಟೆಗೆ ಕೊಟ್ಟರೆ ಹುಡುಗಿಯರಿಗೆ ಓಕರಿಕೆ ಬರುತ್ತದೆಂದು, ಬೆಳಗಿನ ಹಾಲಿನೊಡನೆಯೇ ನುಂಗಿಸಬೇಕೆಂದು ನಾನೇ ಆಜ್ಞೆ ಮಾಡಿದ್ದೆನು. ಅದನ್ನು ಹೇಳಿದೆ. ಆಕೆ ನಕ್ಕು, "ಹಾಗಾದರೆ ಗುಳಿಗೆಯ ಬಹುಪಾಲು ಹಾಲಿಗೇ ಹೋಯಿತು ಮೇಡಂ" ಎಂದರು. ಇಪ್ಪತ್ತು ವರ್ಷ ಪಾಠ ಹೇಳಿದವಳು ಅಂದು ಕುಳಿತು ಪಾಠ ಕಲಿತೆನು. ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ.

ಕಬ್ಬಿಣವೇನೋ ನಮ್ಮ ಜಿಲ್ಲೆಗೆ ಅಪರೂಪದ ವಸ್ತುವಲ್ಲ. ನಮ್ಮ ಹೊಲಗಳ ಮಣ್ಣು ಕೆಂಪಾಗಿರುವುದು ಕಬ್ಬಿಣದಿಂದಲೇ. ಚಿಕ್ಕನಾಯಕನಹಳ್ಳಿಯ ಗುಡ್ಡಗಳಲ್ಲಿ ಅದರ ಅದಿರೇ ಇದೆ. ನಾವು ದಿನವೂ ಉಣ್ಣುವ ರಾಗಿಯ ನೂರು ಗ್ರಾಮಿನಲ್ಲಿ ಸುಮಾರು ನಾಲ್ಕೂವರೆ ಮಿಲಿಗ್ರಾಂ ಕಬ್ಬಿಣವುಂಟು. ಹೀಗಿದ್ದರೂ ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ೧೫ರಿಂದ ೪೯ ವರ್ಷದೊಳಗಿನ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು ೪೮ ಮಂದಿ ರಕ್ತಹೀನರು. ಇಡೀ ದೇಶದಲ್ಲಿ ನೂರಕ್ಕೆ ೫೭. ತಿನ್ನುವುದರಲ್ಲಿ ಇರುವ ಕಬ್ಬಿಣವೇ ಬೇರೆ, ರಕ್ತಕ್ಕೆ ಸೇರುವ ಕಬ್ಬಿಣವೇ ಬೇರೆ. ಹದಿಮೂರರಿಂದ ಹದಿನೈದು ವರ್ಷದ ಹುಡುಗಿಗೆ ದಿನಕ್ಕೆ ೩೦ ಮಿಲಿಗ್ರಾಂ, ಹದಿನಾರರಿಂದ ಹದಿನೆಂಟರವಳಿಗೆ ೩೨ ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯವರು ೨೦೨೦ರಲ್ಲಿ ಗೊತ್ತುಮಾಡಿದ್ದಾರೆ. ಆದರೆ ಆಕೆಯ ರಕ್ತವು ಕೇಳುವುದು ಒಂದೆರಡು ಮಿಲಿಗ್ರಾಂ ಮಾತ್ರ. ಅಷ್ಟನ್ನು ಒಳಕ್ಕೆ ಸೇರಿಸಬೇಕಾದರೆ ಅದರ ಹತ್ತುಮಡಿಗಿಂತ ಹೆಚ್ಚಾಗಿ ಉಣ್ಣಬೇಕು. ಯಾಕಂದರೆ ಸೊಪ್ಪು, ಕಾಳು, ಧಾನ್ಯಗಳ ಕಬ್ಬಿಣದಲ್ಲಿ ಹತ್ತರಲ್ಲೊಂದು ಪಾಲೂ ಕರುಳಿನ ಗೋಡೆಯನ್ನು ದಾಟುವುದಿಲ್ಲ. ಮಾಂಸದಲ್ಲಿರುವ ಕಬ್ಬಿಣವು ಇದಕ್ಕಿಂತ ಸುಲಭವಾಗಿ ದಾಟುತ್ತದೆ. ಆದರೆ ನಮ್ಮ ಅನೇಕ ಮನೆಗಳಲ್ಲಿ ಅದನ್ನು ತಿನ್ನುವುದಿಲ್ಲ, ತಿನ್ನುವ ಮನೆಗಳಲ್ಲಿಯೂ ಹುಡುಗಿಯ ತಟ್ಟೆಗೆ ಬರುವುದು ಕಡೆಯ ತುಂಡು.

ದಾಟುವುದೆಂದರೇನು? ಜಠರದಿಂದ ಕೆಳಗೆ ಸಣ್ಣ ಕರುಳಿನ ಮೊದಲ ಗೇಣುದ್ದದ ಭಾಗವೊಂದಿದೆ. ಕಬ್ಬಿಣವು ಒಳಕ್ಕೆ ಹೋಗುವುದು ಹೆಚ್ಚಾಗಿ ಅಲ್ಲಿಯೇ. ಕಬ್ಬಿಣಕ್ಕಾದರೋ ಎರಡು ರೂಪಗಳುಂಟು. ಒಂದಕ್ಕೆ ಫೆರಸ್ ಎಂದೂ ಇನ್ನೊಂದಕ್ಕೆ ಫೆರಿಕ್ ಎಂದೂ ಹೆಸರು. ನಮ್ಮ ಅಜ್ಜಿಯರು ಅನ್ನಭೇದಿಯೆಂದು ಕರೆಯುತ್ತಿದ್ದ ಹಸಿರು ಹರಳು ಫೆರಸ್ ಜಾತಿಯದು; ಬಾವಿಯ ರಾಟೆಗೆ ಹಿಡಿಯುವ ತುಕ್ಕು ಫೆರಿಕ್ ಜಾತಿಯದು. ಕರುಳಿನ ಬಾಗಿಲು ತೆರೆಯುವುದು ಫೆರಸ್ಸಿಗೆ ಮಾತ್ರ. ಫೆರಿಕ್ ರೂಪದಲ್ಲಿ ಬಂದದ್ದು ಮೊದಲು ಫೆರಸ್ಸಾಗಿ ಬದಲಾಗಬೇಕು. ಅದೂ ಅಲ್ಲದೆ ಜಠರದ ಹುಳಿಯು ಕಡಮೆಯಾದೊಡನೆ ಫೆರಿಕ್ ಕಬ್ಬಿಣವು ಮಡ್ಡಿಯಾಗಿ ಇಳಿದುಬಿಡುತ್ತದೆ. ಫೆರಸ್ಸು ಇನ್ನೂ ಕೆಲಹೊತ್ತು ಕರಗಿಯೇ ಇರುತ್ತದೆ. ಕರಗದೆ ಇರುವುದು ದಾಟುವುದೆಂತು?

ಈ ಮಾತನ್ನು ಒಂಬತ್ತನೆಯ ತರಗತಿಗೆ ಬಾಯಲ್ಲಿ ಹೇಳಿದಾಗ ಅರ್ಧದಷ್ಟು ಹುಡುಗಿಯರು ಕಿಟಕಿಯ ಹೊರಗೆ ನೋಡುತ್ತಿದ್ದರು. ಆಗ ನಮ್ಮ ವಿಜ್ಞಾನದ ಉಪಾಧ್ಯಾಯಿನಿಯವರು ಪ್ರಯೋಗಶಾಲೆಯಿಂದ ಅನ್ನಭೇದಿಯ ನಾಲ್ಕು ಹರಳು ತರಿಸಿ ನೀರಿನಲ್ಲಿ ಕರಗಿಸಿದರು. ಅಡಿಗೆಮನೆಯಿಂದ ಹಾಲು ಬೆರಸದ ಚಹಾ ಕಷಾಯವನ್ನು ತರಿಸಿ, ಎಲ್ಲರೆದುರಿಗೆ ಅದರಲ್ಲಿ ಸುರಿದರು. ಒಂದು ಕ್ಷಣದಲ್ಲಿ ಲೋಟದೊಳಗಿನ ಚಹಾ ಕರಿ ಮಸಿಯಾಯಿತು! ಮಸಿಯೆಂದರೆ ಮಾತಿಗಾಗಿ ಹೇಳಿದ್ದಲ್ಲ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಸೇರಿಸಿ ಹಿಂದಿನವರು ಬರೆಯುವ ಮಸಿ ಮಾಡಿಕೊಳ್ಳುತ್ತಿದ್ದುದು ಇದೇ ವಿಧಾನದಿಂದ. ಅಳಲೆಕಾಯಲ್ಲಿರುವಂತೆ ಚಹಾದಲ್ಲಿಯೂ ಒಗರು ಪದಾರ್ಥವಿದೆ. ಅದು ಕಬ್ಬಿಣವನ್ನು ಹಿಡಿದು ಕಟ್ಟಿಹಾಕುತ್ತದೆ. ಗುಳಿಗೆಯ ಹಿಂದೆಯೇ ಚಹಾ ಕುಡಿದವರ ಹೊಟ್ಟೆಯಲ್ಲಿ ನಡೆಯುವುದೂ ಇದೇ ತೆರನಾದ ಕಟ್ಟು. ಅನಂತರ ಆಕೆ ಅದೇ ಲೋಟಕ್ಕೆ ನಿಂಬೆಹಣ್ಣಿನ ರಸವನ್ನು ಹಿಂಡಿದರು. ಮಸಿ ತಿಳಿಯಾಗುತ್ತ ಬಂದಿತು. ಸೀರೆಯ ಮೇಲಣ ಮಸಿಯ ಕಲೆಗೂ ತುಕ್ಕಿನ ಕಲೆಗೂ ನಿಂಬೆ ಉಜ್ಜುವುದನ್ನು ಯಾವ ತಾಯಿ ಬಲ್ಲವಳಲ್ಲ? ನಿಂಬೆಯ ಹುಳಿಯು ಕಬ್ಬಿಣವನ್ನು ಕರಗಿಸಿ ಇಡುತ್ತದೆ. ಅದರಲ್ಲಿರುವ ಸಿ ಜೀವಸತ್ವವು ಫೆರಿಕ್ಕನ್ನು ಮರಳಿ ಫೆರಸ್ಸಾಗಿ ಮಾಡುತ್ತದೆ. ಕಿಟಕಿಯ ಹೊರಗೆ ನೋಡುವವರು ಆ ದಿನ ಒಬ್ಬರೂ ಇರಲಿಲ್ಲ.

ಲೋಟದಲ್ಲಿ ಕಂಡದ್ದು ದೇಹದಲ್ಲಿಯೂ ನಿಜವೆಂಬುದಕ್ಕೆ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರೇ ಸಾಕ್ಷಿ. ೨೦೦೮ರಲ್ಲಿ ಅವರು ಪ್ರಕಟಿಸಿದ ಪರೀಕ್ಷೆಯಲ್ಲಿ, ಗುರುತು ಹಾಕಿದ ಕಬ್ಬಿಣವನ್ನು ತರುಣಿಯರ ಊಟದಲ್ಲಿ ಬೆರಸಿ, ರಕ್ತಕ್ಕೆ ಸೇರಿದ್ದೆಷ್ಟೆಂದು ಅಳೆದರು. ಊಟದ ಜೊತೆ ಒಂದು ಬಟ್ಟಲು ಚಹಾ ಕುಡಿದರೆ ಸೇರುವ ಕಬ್ಬಿಣವು ಸುಮಾರು ಅರ್ಧಕ್ಕಿಳಿಯಿತು. ಸಿ ಜೀವಸತ್ವವನ್ನು ಸೇರಿಸಿದರೆ ಹಲವು ಪಾಲು ಏರಿತು. ಕಾಫಿಯೂ ತಡೆಯೇ, ಚಹಾದಷ್ಟಲ್ಲ. ಹಾಲಿನ ತಡೆಯು ಲೋಟದಲ್ಲಿ ಕಣ್ಣಿಗೆ ಕಾಣುವಂಥದಲ್ಲ. ಅದರ ಸುಣ್ಣದಂಶವು ಕರುಳಿನ ಗೋಡೆಯಲ್ಲಿಯೇ ಕಬ್ಬಿಣಕ್ಕೆ ಅಡ್ಡಬರುತ್ತದೆ. ರಾಗಿಯ ಸಂಗತಿಯೂ ಇಂಥದೇ. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೬೪ ಮಿಲಿಗ್ರಾಂ ಸುಣ್ಣದಂಶವಿದೆ, ಮೇಲೆ ಒಗರೂ ಫೈಟಿಕ್ ಆಮ್ಲವೂ ಇವೆ. ಹಾಗೆಂದು ರಾಗಿಯನ್ನು ಯಾರೂ ಬಿಡಕೂಡದು. ಎಲುಬಿಗೆ ಅಷ್ಟು ಸುಣ್ಣ ಬೇರೆ ಯಾವ ಧಾನ್ಯದಿಂದ ಬಂದೀತು? ರಾಗಿಯನ್ನು ಮೊಳಕೆ ಕಟ್ಟಿಸಿ ಬೀಸಿದರೆ, ಹುರುಳಿಯನ್ನು ಮೊಳಕೆ ಬರಿಸಿ ಸಾರು ಮಾಡಿದರೆ, ಆ ಫೈಟಿಕ್ ಆಮ್ಲವು ಕಡಮೆಯಾಗುತ್ತದೆ. ಮುದ್ದೆಯ ಸಾರಿಗೆ ನಿಂಬೆ ಹಿಂಡುವುದೂ ಊಟಕ್ಕೆ ನೆಲ್ಲಿಕಾಯಿಯ ತೊಕ್ಕು ಬಡಿಸುವುದೂ ರುಚಿಗಾಗಿ ಮಾತ್ರವಲ್ಲ. ಹುಳಿ ಸಾರನ್ನು ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ಬಾಣಲೆಯ ಕಬ್ಬಿಣವೂ ಒಂದಿಷ್ಟು ಸಾರಿಗಿಳಿಯುತ್ತದೆ.

ಗುಳಿಗೆಯ ಇತಿಹಾಸವನ್ನು ಸ್ವಲ್ಪ ಹೇಳದೆ ಮುಂದೆ ಹೋಗಲಾರೆ. ಇದು ಉಪಾಧ್ಯಾಯಿನಿಯ ದೌರ್ಬಲ್ಯವೆಂದು ಓದುವವರು ಕ್ಷಮಿಸಬೇಕು. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಸಿಡೆನ್‌ಹ್ಯಾಮ್ ಎಂಬ ವೈದ್ಯರು ಬಿಳಿಚಿಕೊಂಡ ಹುಡುಗಿಯರಿಗೆ ಕಬ್ಬಿಣದ ಅರದ ಪುಡಿಯನ್ನು ದ್ರಾಕ್ಷಾರಸದಲ್ಲಿ ನೆನೆಯಿಸಿ ಕೊಡುತ್ತಿದ್ದರು. ೧೮೩೨ರಲ್ಲಿ ಫ್ರಾನ್ಸಿನ ಬೊಕೇರ್ ಎಂಬ ಊರಿನ ಪಿಯರ್ ಬ್ಲೋ ಎಂಬವರು ಅನ್ನಭೇದಿಯ ಸತ್ವಕ್ಕೆ ಪೊಟ್ಯಾಸಿಯಂ ಕಾರ್ಬೊನೇಟನ್ನು ಸೇರಿಸಿ ಗುಳಿಗೆ ಕಟ್ಟಿದರು. ಆ ಗುಳಿಗೆ ನೂರು ವರ್ಷಗಳಷ್ಟು ಕಾಲ ಲೋಕವೆಲ್ಲ ನಡೆಯಿತು. ಅದರೊಳಗಿದ್ದುದು ಫೆರಸ್ ಕಬ್ಬಿಣ. ಆದರೆ ಕಬ್ಬಿಣವೊಂದರಿಂದಲೇ ಎಲ್ಲ ರಕ್ತಹೀನತೆಯೂ ವಾಸಿಯಾಗದೆಂದು ತೋರಿಸಿದವರು ಲೂಸಿ ವಿಲ್ಸ್ ಎಂಬ ವೈದ್ಯೆ. ಅವರು ೧೯೨೮ರಲ್ಲಿ ಮುಂಬಯಿಗೆ ಬಂದು, ಬಟ್ಟೆಯ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಸುರಿಯರ ರಕ್ತವನ್ನು ಪರೀಕ್ಷಿಸಿದರು. ನೀಲಗಿರಿಯ ಕೂನೂರಿನಲ್ಲಿಯೂ ಕೆಲಸ ಮಾಡಿದರು. ಯೀಸ್ಟಿನ ಸತ್ವವನ್ನು ಕೊಟ್ಟರೆ ಆ ಸ್ತ್ರೀಯರು ಚೇತರಿಸಿಕೊಳ್ಳುವರೆಂದು ೧೯೩೧ರಲ್ಲಿ ಪ್ರಕಟಿಸಿದರು. ಆ ಸತ್ವದಲ್ಲಿದ್ದ ವಸ್ತುವನ್ನು ೧೯೪೧ರಲ್ಲಿ ಬಸಳೆಯನ್ನು ಹೋಲುವ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ, ಎಲೆಯ ಲ್ಯಾಟಿನ್ ಹೆಸರಿನಿಂದ ಫೋಲಿಕ್ ಆಮ್ಲವೆಂದು ಕರೆದರು. ನಮ್ಮ ಶಾಲೆಗೆ ಬರುವ ನೀಲಿ ಗುಳಿಗೆಯಲ್ಲಿ ೬೦ ಮಿಲಿಗ್ರಾಂ ಕಬ್ಬಿಣದ ಜೊತೆಗೆ ೫೦೦ ಮೈಕ್ರೊಗ್ರಾಂ ಫೋಲಿಕ್ ಆಮ್ಲವಿರುವುದು ಈ ಕಾರಣದಿಂದ.

ಇನ್ನು ಅಂಗಡಿಯಲ್ಲಿ ದೊರೆಯುವ ಬಗೆಗಳ ವಿಚಾರ. ತಾಯ್ತಂದೆಗಳು ಸೀಸೆಯ ಮುಂಭಾಗದ ಚಿತ್ರವನ್ನು ನೋಡುವುದನ್ನು ಬಿಟ್ಟು ಹಿಂಭಾಗದ ಸಣ್ಣ ಅಕ್ಷರವನ್ನು ಓದಬೇಕೆಂದು ಬೇಡುತ್ತೇನೆ. ಓದತಕ್ಕದ್ದು ಎರಡು: ಯಾವ ಲವಣ, ಮತ್ತು ಅದರೊಳಗೆ ಧಾತುರೂಪದ ಕಬ್ಬಿಣವೆಷ್ಟು. ಲವಣದ ತೂಕವೇ ಕಬ್ಬಿಣದ ತೂಕವಲ್ಲ. ಹೇಗೆಂದರೆ ಫೆರಸ್ ಫ್ಯೂಮರೇಟಿನ ೩೦೦ ಮಿಲಿಗ್ರಾಮಿನಲ್ಲಿ ಕಬ್ಬಿಣವು ನೂರರ ಸಮೀಪ; ಫೆರಸ್ ಗ್ಲುಕೊನೇಟಿನ ಅದೇ ೩೦೦ರಲ್ಲಿ ೩೫ರ ಸುಮಾರು; ಒಣಗಿಸಿದ ಫೆರಸ್ ಸಲ್ಫೇಟಿನ ೨೦೦ರಲ್ಲಿ ೬೦ಕ್ಕೆ ಸ್ವಲ್ಪ ಮೇಲೆ. ಕಬ್ಬಿಣದ ಪ್ರಮಾಣವು ಸರಿಸಮವಾಗಿದ್ದರೆ ಈ ಮೂರೂ ಹೆಚ್ಚುಕಡಮೆ ಒಂದೇ ರೀತಿಯಾಗಿ ರಕ್ತಕ್ಕೆ ಸೇರುತ್ತವೆ, ಮೂರೂ ಅಗ್ಗ. ಫೆರಸ್ ಆಸ್ಕೊರ್ಬೇಟು ಸಿ ಜೀವಸತ್ವದೊಡನೆ ಕೂಡಿಸಿದ್ದು. ಚೆನ್ನಾಗಿಯೇ ಸೇರುತ್ತದೆ, ಬೆಲೆ ಮೇಲು. ಫೆರಸ್ ಬಿಸ್‌ಗ್ಲೈಸಿನೇಟು ಗ್ಲೈಸಿನ್ ಎಂಬ ವಸ್ತುವಿನ ತೋಳತೆಕ್ಕೆಯಲ್ಲಿರುವುದರಿಂದ ಧಾನ್ಯದ ಫೈಟಿಕ್ ಆಮ್ಲವು ಅದನ್ನು ಅಷ್ಟಾಗಿ ಹಿಡಿಯಲಾರದು, ಹೊಟ್ಟೆಗೂ ಮೃದು. ಹಣವಿದ್ದವರು, ಮಿಕ್ಕ ಗುಳಿಗೆಗಳನ್ನು ತಾಳಲಾರದವರು, ವೈದ್ಯರನ್ನು ಕೇಳಿ ತೆಗೆದುಕೊಳ್ಳಬಹುದು. ಕರುಳಿಗೆ ಹೋದ ಮೇಲೆ ನಿಧಾನವಾಗಿ ಕರಗುವಂತೆ ಲೇಪನ ಮಾಡಿದ ಗುಳಿಗೆಗಳ ವಿಷಯದಲ್ಲಿ ಎಚ್ಚರವಿರಲಿ: ಓಕರಿಕೆ ಕಡಮೆ ನಿಜ, ಆದರೆ ಕರಗುವ ಹೊತ್ತಿಗೆ ಆ ಗೇಣುದ್ದದ ಬಾಗಿಲು ಹಿಂದೆ ಉಳಿದಿರುತ್ತದೆ.

ಯಡಿಯೂರಿನಿಂದ ಬಂದ ಸೀಸೆಯಲ್ಲಿದ್ದುದು ಫೆರಿಕ್ ಪಾಲಿಮಾಲ್ಟೋಸ್. ಅದು ಸಿಹಿ, ಹಲ್ಲಿಗೆ ಕಲೆ ಹಿಡಿಸದು, ಹೊಟ್ಟೆಯನ್ನು ಕೆಡಿಸದು. ಮಕ್ಕಳು ಹಠವಿಲ್ಲದೆ ಕುಡಿಯುವುದರಿಂದ ಕೆಲವು ವೈದ್ಯರು ಅದನ್ನೇ ಬರೆದುಕೊಡುವುದೂ ಉಂಟು, ಅದರಿಂದ ಗುಣ ಕಂಡವರೂ ಉಂಟು. ಆದರೆ ಪರೀಕ್ಷೆಗಳ ಫಲ ಒಂದೇ ತೆರನಾಗಿಲ್ಲ. ಅದಕ್ಕೆ ಸೋದರಿಯೆನ್ನಬಹುದಾದ ಪಾಲಿಸ್ಯಾಕರೈಡ್ ಕಬ್ಬಿಣವನ್ನು ಅಮೆರಿಕದ ಟೆಕ್ಸಸ್ ಪ್ರಾಂತದ ವೈದ್ಯರು ೮೦ ಮಂದಿ ಎಳೆಯ ಮಕ್ಕಳಲ್ಲಿ ಫೆರಸ್ ಸಲ್ಫೇಟಿನೊಡನೆ ಹೋಲಿಸಿ ೨೦೧೭ರಲ್ಲಿ ಪ್ರಕಟಿಸಿದರು. ಹನ್ನೆರಡು ವಾರಗಳಲ್ಲಿ ಎರಡರಿಂದಲೂ ರಕ್ತ ಏರಿತು. ಹೆಚ್ಚಾಗಿ ಏರಿದ್ದು ಆ ಹಳೆಯ, ಅಗ್ಗದ ಸಲ್ಫೇಟಿನಿಂದ. ನಮ್ಮ ಹುಡುಗಿಗೆ ಗುಣವಾಗದೆ ಹೋದದ್ದು ಆ ಸೀಸೆಯ ದೋಷದಿಂದಲೋ, ನನ್ನ ಹಾಲಿನ ಆಜ್ಞೆಯಿಂದಲೋ, ನಿಲಯದಲ್ಲಿ ಊಟದ ಮೇಲೆ ಹಂಚುತ್ತಿದ್ದ ಚಹಾದಿಂದಲೋ, ಬೇರ್ಪಡಿಸಿ ಹೇಳಬಲ್ಲವಳು ನಾನಲ್ಲ. ಮೂರೂ ಕೂಡಿದ್ದವು. ವಾರಕ್ಕೊಂದು ಗುಳಿಗೆಯು ರಕ್ತಹೀನತೆ ಬಾರದಂತೆ ತಡೆಯುವುದಕ್ಕೆ ಹೊರತು, ಬಂದಿರುವುದನ್ನು ವಾಸಿಮಾಡುವುದಕ್ಕೆ ಸಾಲದೆಂಬುದನ್ನೂ ಆಗಲೇ ತಿಳಿದೆನು.

ನ್ಯಾಯಬೆಲೆ ಅಂಗಡಿಯ ಸಾರವರ್ಧಿತ ಅಕ್ಕಿಯ ವಿಷಯವಾಗಿ ಕೆಲವು ತಾಯಂದಿರು ಕೇಳುತ್ತಾರೆ. ಅದರಲ್ಲಿ ಸೇರಿಸುವುದು ಸಾಮಾನ್ಯವಾಗಿ ಫೆರಿಕ್ ಪೈರೊಫಾಸ್ಫೇಟ್. ಅನ್ನದ ಬಣ್ಣವನ್ನೂ ರುಚಿಯನ್ನೂ ಕೆಡಿಸಬಾರದೆಂದು ಅದನ್ನು ಆರಿಸಿದ್ದಾರೆ. ಕೆಡಿಸದಿರುವುದು ಅದು ಸುಲಭವಾಗಿ ಕರಗದ ಕಾರಣ, ಸುಲಭವಾಗಿ ಕರಗದ ಕಾರಣದಿಂದಲೇ ರಕ್ತಕ್ಕೂ ಸ್ವಲ್ಪವೇ ಸೇರುತ್ತದೆ. ದಿನವೂ ಉಣ್ಣುವ ಅನ್ನದಲ್ಲಿ ಸ್ವಲ್ಪವಾದರೂ ಬಂದರೆ ಲಾಭವೇ. ರಕ್ತಹೀನಳಾದ ಮಗಳಿಗೆ ಅದೇ ಔಷಧವೆಂದು ಸುಮ್ಮನಿರಬಾರದಷ್ಟೆ.

ಪ್ರತಿದಿನ ಎರಡು ಮೂರು ಗುಳಿಗೆ ನುಂಗಿದರೆ ಬೇಗ ಗುಣವಾದೀತೆಂಬ ಆತುರವೂ ಸಹಜ. ದೇಹದಲ್ಲಿ ಹೆಪ್ಸಿಡಿನ್ ಎಂಬ ಒಬ್ಬ ದ್ವಾರಪಾಲಕನಿದ್ದಾನೆ. ಒಂದು ದೊಡ್ಡ ಗುಳಿಗೆ ಒಳಕ್ಕೆ ಹೋದೊಡನೆ ಅವನು ಬಾಗಿಲನ್ನು ಓರೆಮಾಡಿ, ಸುಮಾರು ಒಂದು ದಿನದವರೆಗೆ ಹಾಗೆಯೇ ನಿಲ್ಲುತ್ತಾನೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ಕಿನ ವಿಜ್ಞಾನಿಗಳು ೨೦೧೭ರಲ್ಲಿ ಪ್ರಕಟಿಸಿದಂತೆ, ಕಬ್ಬಿಣ ಕಡಮೆಯಿದ್ದ ತರುಣಿಯರಿಗೆ ೬೦ ಮಿಲಿಗ್ರಾಂ ದಿನವೂ ಕೊಟ್ಟಾಗ ನೂರಕ್ಕೆ ೧೬ರಷ್ಟು ಸೇರಿತು, ದಿನ ಬಿಟ್ಟು ದಿನ ಕೊಟ್ಟಾಗ ನೂರಕ್ಕೆ ೨೨ರ ಸಮೀಪ. ಆದರೆ ಅವರು ತೀರ ರಕ್ತಹೀನರಾಗಿರಲಿಲ್ಲ. ರಕ್ತ ತುಂಬ ಇಳಿದವರಿಗೆ, ಬಸುರಿಯರಿಗೆ, ದಿನವೂ ಬೇಕಾಗಬಹುದು. ಅದನ್ನು ಗೊತ್ತುಮಾಡತಕ್ಕವರು ವೈದ್ಯರು, ನಾನೂ ಅಲ್ಲ, ನೆರೆಮನೆಯವರೂ ಅಲ್ಲ.

ಮದುವೆಯಾಗಿ ದೂರದ ಊರುಗಳಲ್ಲಿರುವ ನಮ್ಮ ಹಳೆಯ ಹುಡುಗಿಯರಿಗೆ ಇನ್ನೊಂದು ಮಾತು. ಬಸುರಿಯರಿಗೆ ಕಬ್ಬಿಣದ ಗುಳಿಗೆಯನ್ನೂ ಸುಣ್ಣದಂಶದ ಗುಳಿಗೆಯನ್ನೂ ಒಟ್ಟಿಗೆ ಕೊಟ್ಟು ಕಳುಹಿಸುತ್ತಾರೆ. ಮರೆವಿಗೆ ಹೆದರಿ ಎರಡನ್ನೂ ಒಂದೇ ಗುಟುಕಿಗೆ ನುಂಗುವವರನ್ನು ನಾನು ಕಂಡಿದ್ದೇನೆ. ಎರಡಕ್ಕೂ ನಡುವೆ ಎರಡು ಗಂಟೆಯಾದರೂ ಅಂತರವಿರಬೇಕು. ಹೊಟ್ಟೆಯುರಿಗೆ ತೆಗೆದುಕೊಳ್ಳುವ ಔಷಧವನ್ನೂ ಗುಳಿಗೆಯೊಡನೆ ಸೇರಿಸಕೂಡದು. ಹುಳಿಯಿಲ್ಲದ ಜಠರದಲ್ಲಿ ಕಬ್ಬಿಣ ಕರಗದು. ಮಲವು ಕಪ್ಪಾದರೆ ಭಯಪಡಬೇಡಿ, ಅದು ಸೇರದೆ ಉಳಿದ ಕಬ್ಬಿಣ. ಮೂರು ತಿಂಗಳಾದರೂ ರಕ್ತ ಏರದಿದ್ದರೆ ಗುಳಿಗೆಯ ಬಗೆಯನ್ನು ಬದಲಾಯಿಸುತ್ತ ಕುಳಿತಿರದೆ ವೈದ್ಯರ ಬಳಿಗೆ ಹೋಗಿರಿ. ಕೊಕ್ಕೆಹುಳುವಿರಬಹುದು, ಬಿ-೧೨ ಜೀವಸತ್ವದ ಕೊರತೆಯಿರಬಹುದು, ತಿಂಗಳ ಸ್ರಾವವು ಮಿತಿಮೀರಿರಬಹುದು, ಇಲ್ಲವೆ ಕಬ್ಬಿಣವನ್ನೇ ಕೊಡಬಾರದಂಥ ಹುಟ್ಟುರೋಗವಿರಬಹುದು. ಇನ್ನು ಬಣ್ಣಬಣ್ಣದ ಈ ಗುಳಿಗೆಗಳು ಎಳೆಯ ಮಕ್ಕಳ ಕಣ್ಣಿಗೆ ಮಿಠಾಯಿಯಂತೆ ಕಾಣುತ್ತವೆ. ಮಗುವೊಂದು ಹಿಡಿಯಷ್ಟು ನುಂಗಿದರೆ ಪ್ರಾಣವೇ ಹೋದೀತು. ತೊಟ್ಟಿಲಿರುವ ಮನೆಯಲ್ಲಿ ಅವುಗಳನ್ನು ಬೀಗದೊಳಗೆ ಇಡಿರಿ.

ನಮ್ಮ ಹುಡುಗಿಯ ಸಮಾಚಾರ ಹೇಳುವುದು ಉಳಿಯಿತು. ಆಕೆಯನ್ನು ನೋಡಿದ ವೈದ್ಯರು ಜಂತುಹುಳುವಿನ ಮಾತ್ರೆ ಕೊಟ್ಟು, ಸಿಹಿ ಔಷಧವನ್ನು ನಿಲ್ಲಿಸಿ, ಫೆರಸ್ ಗುಳಿಗೆಯನ್ನು ದಿನವೂ ತೆಗೆದುಕೊಳ್ಳುವಂತೆ ಬರೆದುಕೊಟ್ಟರು. ಶಾಲೆಯಲ್ಲಿಯೂ ಗುಳಿಗೆಯ ವೇಳೆ ಬದಲಾಯಿತು. ಬೆಳಗಿನ ಹಾಲು, ರಾಗಿ ಮಾಲ್ಟುಗಳು ತಮ್ಮ ವೇಳೆಗೆ ನಡೆದುಕೊಂಡು ಹೋಗುತ್ತವೆ. ಗುಳಿಗೆ ಈಗ ಮಧ್ಯಾಹ್ನದ ಊಟದ ಮೇಲೆ, ನಿಂಬೆಯ ನೀರಿನೊಡನೆ. ನಿಲಯದ ಚಹಾವನ್ನು ಊಟದ ಹೊತ್ತಿನಿಂದ ಸಂಜೆ ನಾಲ್ಕೂವರೆಗೆ ತಳ್ಳಿದ್ದಕ್ಕೆ ನಾಲ್ಕು ದಿನ ಗೊಣಗಾಟವಿತ್ತು, ಅಡಿಗೆಯವರದೂ ಸೇರಿ. ಫೆಬ್ರವರಿಯಲ್ಲಿ ಆಕೆಯ ಹಿಮೋಗ್ಲೋಬಿನ್ನು ೧೧.೬ಕ್ಕೆ ಬಂದಿತು, ಏಪ್ರಿಲ್ಲಿನಲ್ಲಿ ೧೨.೨. ೧೨ ದಾಟಿದರೂ ದೇಹದ ಉಗ್ರಾಣ ತುಂಬುವ ತನಕ ಗುಳಿಗೆಯನ್ನು ಬಿಡಬಾರದೆಂದು ವೈದ್ಯರು ಹೇಳಿದ್ದಾರೆ.

ರಜೆಗೆ ಮಗಳನ್ನು ಕರೆದೊಯ್ಯಲು ಈ ಸಾರಿ ತಾಯಿ ಬಂದಿದ್ದರು. ಮನೆಯಲ್ಲಿ ಇನ್ನೂ ಒಂದು ಸೀಸೆ ಒಡೆಯದೆ ಉಳಿದಿದೆ, ದುಡ್ಡು ಕೊಟ್ಟದ್ದನ್ನು ಚೆಲ್ಲಲು ಮನಸ್ಸು ಬಾರದು, ಏನು ಮಾಡಲಿ ಎಂದು ಕೇಳಿದರು. ಜೂನ್ ತಿಂಗಳಲ್ಲಿ ಮಗಳ ಕೈಯಲ್ಲಿ ಕಳುಹಿಸಿರೆಂದೆನು. ಅದು ಈಗ ವಿಜ್ಞಾನದ ಉಪಾಧ್ಯಾಯಿನಿಯವರ ಕಪಾಟಿನಲ್ಲಿ, ಅನ್ನಭೇದಿಯ ಹರಳುಗಳ ಪಕ್ಕದಲ್ಲಿದೆ. ಹಿಂಭಾಗದ ಸಣ್ಣ ಅಕ್ಷರ ಓದಿಸುವ ಪಾಠಕ್ಕೆ ಅದನ್ನೇ ತರಗತಿಗೆ ಒಯ್ಯುತ್ತಾರೆ.